ಏಳನೆಯ ಚೌಕ

ಸೋಮವಾರ ಗುನ್ವೋರ್‌ಳ ಬೆನ್ನ ಮೇಲೆ
ಹತ್ತು ಚೌಕ ಅಂಟಿಸಿ ನೀಲಿ ಶಾಯಿಯಲ್ಲಿ ಅಂಕಿ ಬರೆದೆ.
ಶುಕ್ರವಾರದ ತನಕ ಬೆನ್ನು ನೆನೆಯಬಾರದು ಅಂದೆ.
ನಕ್ಕಳು: "ಇದು ಬರ್ಗೆನ್ ಕಣಮ್ಮ,
ಮಳೆಗೂ ಒಂದು ಚೀಟಿ ಬರೆದುಕೊಡು."

ಮೋಲೊಯ್ ಬಂದರಿನಲ್ಲಿ ಮೂವತ್ತೊಂದು ವರ್ಷ
ಹೆರಿಂಗ್ ಮೀನಿನ ಹೊಟ್ಟೆ ಸೀಳಿದ ಕೈ.
ಉಪ್ಪುನೀರು, ಐಸು, ರಬ್ಬರ್ ಗವಸಿನೊಳಗಿನ ಬೆವರು.
ಬೆರಳ ಸಂದಿಗೆಲ್ಲ ಬಿರುಕು.
ಹಚ್ಚಿಕೊಳ್ಳುವ ಕ್ರೀಮಿನ ಡಬ್ಬಿ ಮೇಜಿನ ಮೇಲಿಟ್ಟು
ಕಳ್ಳನನ್ನು ಹಿಡಿದುಕೊಟ್ಟ ಹಾಗೆ
ಒಂದು ಹೆಸರಿನ ಮೇಲೆ ಉಗುರೊತ್ತಿದಳು:
ಆರ್ಜಿನೈನ್. ಅಮೈನೋ ಆಮ್ಲ.
"ಆಮ್ಲ ಅಂದಮೇಲೆ ಸುಡದೆ ಬಿಡುತ್ತದೆಯೇ?
ಅಕ್ಕನ ಮಗ ಹೇಳಿದ,
ದೋಣಿಗಳ ಬ್ಯಾಟರಿ ರಿಪೇರಿ ಮಾಡುವವನು, ಅವನಿಗೆ ಗೊತ್ತು."

ಹೆಸರಿಗಷ್ಟೇ ಆಮ್ಲ, ಗುಣದಲ್ಲಿ ಕ್ಷಾರ.
ಹುಳಿ ಮುಂದಾದ ಕ್ರೀಮನ್ನು ಹದಕ್ಕೆ ತರಲು
ಚಿಟಿಕೆ ಹಾಕುತ್ತಾರೆ.
ಒಣಚರ್ಮದಲ್ಲಿ ನೀರು ನಿಲ್ಲಲು ಒಂದು ಕೈ ಕೊಡುತ್ತದೆ,
ಹೊಸ ಬಾಡಿಗೆದಾರನಲ್ಲ,
ಮೊದಲಿಂದಲೂ ಆ ಮನೆಯವನೇ.
ಗಂಡು ಹೆರಿಂಗ್‌ನ ಹೊಟ್ಟೆಯಿಂದ ಜಾರುವ
ಹಾಲುಬಿಳಿಯ ವೀರ್ಯವಿದೆಯಲ್ಲ,
ಅದರಲ್ಲಿ ದಂಡಿಯಾಗಿದೆ, ಬೇರೆ ವೇಷದಲ್ಲಿ.
ಮೂವತ್ತೊಂದು ಚಳಿಗಾಲ ಅದರಲ್ಲೇ ಕೈಯಾಡಿಸಿದ್ದೀಯ, ಅಂದೆ.
"ಅಯ್ಯೋ" ಎಂದು ಅಂಗೈ ಮೂಸಿಕೊಂಡಳು.

ಆದರೂ ಮಾತು ಮಾತೇ, ಪುರಾವೆಯಲ್ಲ.
ಅದಕ್ಕೇ ಏಳನೆಯ ಚೌಕ.

ಬುಧವಾರ ಪಟ್ಟಿ ಕಿತ್ತೆ.
ಶುಕ್ರವಾರ ದೀಪ ಹತ್ತಿರ ಎಳೆದುಕೊಂಡು
ಬೆನ್ನನ್ನು ಪುಟದ ಹಾಗೆ ಓದಿದೆ.
ಒಂದು, ಎರಡು, ಮೂರು: ಏನಿಲ್ಲ.
ನಾಲ್ಕು: ಕೆಂಡದ ಬಿಲ್ಲೆ. ಊತ, ಪುಟ್ಟ ಗುಳ್ಳೆ.
ಏಳು: ಬರೀ ಚರ್ಮ,
ಅಂಚಿನಲ್ಲಿ ಹುಟ್ಟಿನಿಂದ ಇದ್ದ ಒಂದು ಮಚ್ಚೆ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ನಾಲ್ಕನೆಯದು ಸುಗಂಧ.
ಡಬ್ಬಿಯ ಕೊನೆಯ ಸಾಲಿನಲ್ಲಿ
ಸಭ್ಯವಾಗಿ, ಸಣ್ಣಕ್ಷರದಲ್ಲಿ ಕೂತಿತ್ತು.

"ಅಕ್ಕ ಸುನ್ನಿವ ಕೊಟ್ಟದ್ದು, ಕ್ರಿಸ್‌ಮಸ್‌ಗೆ" ಅಂದಳು.
"ಲಿಲಿ ಹೂವಿನ ಪರಿಮಳ."
ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಗೋಡೆಗೆ ಹೇಳುವಂತೆ,
"ಮೀನಿನ ವಾಸನೆ ಹೋಗಲಿ ಅಂತ."

ನಾನು ತಲೆ ತಗ್ಗಿಸಿ ಬರೆದುಕೊಂಡೆ.
ಏನೂ ಆಗದ್ದಕ್ಕೆ ನಮ್ಮಲ್ಲಿ ಒಂದು ಅಡ್ಡಗೆರೆ, ಅಷ್ಟೇ.
ಆ ಗೆರೆ ಈ ಬೆನ್ನಿಗೆ, ಈ ಅಳತೆಗೆ, ಈ ವಾರಕ್ಕೆ;
ಜಗತ್ತಿನ ಎಲ್ಲ ಮುಖಗಳ ಪರವಾಗಿ
ಸಾಕ್ಷಿ ಹೇಳುವುದಿಲ್ಲ.
ಪರಿಮಳವಿಲ್ಲದ ಕ್ರೀಮೊಂದರ ಹೆಸರು ಬರೆದುಕೊಟ್ಟೆ,
ಅದರಲ್ಲೂ ಆರ್ಜಿನೈನ್ ಇತ್ತು.
ಓದಿದಳು. ಈ ಸಲ ಉಗುರೊತ್ತಲಿಲ್ಲ.

ಇನ್ನು ನೆನೆಯಬಹುದು, ಅಂದೆ.
ಬಾಗಿಲಲ್ಲಿ ನಿಂತು ಕೇಳಿದಳು:
"ಡಬ್ಬಿ ಇನ್ನೂ ಅರ್ಧ ಉಳಿದಿದೆ.
ಸುನ್ನಿವಳಿಗೆ ಏನು ಹೇಳಲಿ?"