ಹೊರಹಾಕುವ ಕಸುಬು

ನಮ್ಮೂರು ಕಡಲಿಗಿಂತ ಒಂದಾಳು ಕೆಳಗೆ.
ಮೇಯುವ ಹಸುಗಳ ತಲೆಯ ಮೇಲಿನಿಂದ
ಒಡ್ಡಿನಾಚೆ ದೋಣಿಗಳು ಹಾಯುತ್ತಿದ್ದವು.
ಅಪ್ಪ, ವೀಬ್ರೆನ್, ಮೂವತ್ತೆಂಟು ವರ್ಷ
ಅಲ್ಲಿನ ಪಂಪ್‌ಮನೆಯ ಪಾಳಿಯಾಳು.
ಒಳಬಂದ ನೀರನ್ನು ಹೊರಗೆ ಹಾಕುವುದು, ಅಷ್ಟೇ.
'ನೀರಿಗೆ ರಜೆಯಿಲ್ಲ' ಎನ್ನುತ್ತಿದ್ದ,
ಕ್ರಿಸ್‌ಮಸ್ ಊಟದ ನಡುವೆ ಎದ್ದು ಹೋಗುತ್ತ,
ಎಣ್ಣೆಗೈಯಲ್ಲೇ ಬ್ರೆಡ್ಡು ಹಿಡಿದು.

ಈಗ ಲ್ಯೂವಾರ್ಡನ್ ಆಸ್ಪತ್ರೆಯ ನಾಲ್ಕನೆಯ ಮಹಡಿ.
ಮೂತ್ರದಲ್ಲಿ ಹೊಕ್ಕದ್ದು ನೆತ್ತರಿಗೇರಿ ಜ್ವರ.
ಮೂರನೆಯ ಔಷಧವೂ ನಾಟಲಿಲ್ಲ.
ಡಾಕ್ಟರ್ ರೀಡೆವಾಲ್ಡ್ ಕಾಗದ ಮಡಿಸಿದರು:
'ನೀವೇ ಹೇಳಿ ಅವರಿಗೆ. ಇದು ನಿಮ್ಮ ಪಾಠವಲ್ಲವೆ?'

ಹೌದು. ಗ್ರೋನಿಂಗನ್ನಿನ ನೆಲಮಾಳಿಗೆಯಲ್ಲಿ ಏಳು ವರ್ಷ
ಇದೊಂದನ್ನೇ ಹೆಪ್ಪುಗಟ್ಟಿಸಿ ನೋಡಿದವಳು ನಾನು.
ಪರದೆ ತುಂಬ ಬೂದು ಮರಳು, ಮರಳಲ್ಲಿ ಲಕ್ಷ ಚುಕ್ಕಿ,
ಲಕ್ಷವನ್ನೂ ಒಂದರ ಮೇಲೊಂದಿಟ್ಟರೆ
ನಿಧಾನ ಮೂಡುವ ಒಂದು ಮೈ.

ಊಟದ ಟ್ರೇಯ ಕಾಗದದ ಮೇಲೆ ಬರೆದೆ:
ಎರಡು ಗೋಡೆ, ಅಪ್ಪ. ನಡುವೆ ಕಿರಿದೊಂದು ಓಣಿ.
ಒಳಗೋಡೆಯಲ್ಲಿ ಮೂವರು, ಒಂದೇ ಅಚ್ಚಿನವರು.
ಒಬ್ಬ ಬಾಯಿ ತೆರೆದಿರುತ್ತಾನೆ,
ಒಬ್ಬ ಕಚ್ಚಿ ಹಿಡಿದಿರುತ್ತಾನೆ,
ಒಬ್ಬ ಮೇಲಕ್ಕೆ ಉಗುಳುತ್ತಾನೆ.
ಮರುಗಳಿಗೆ ಪಾಳಿ ಬದಲು. ಯಾರೂ ಜಾಗ ಬಿಟ್ಟೇಳುವುದಿಲ್ಲ,
ತಿರುಗುವುದು ಸರದಿ ಮಾತ್ರ.
ಮೇಲೆ ಉದ್ದ ಕೊಳವೆ, ಹೊರಗೋಡೆ ತೂರಿ ಬಯಲಿಗೆ.
ಅದರ ಬುಡಕ್ಕೆ ಆರು ತೋಳಿನ ಪಟ್ಟಿ, ಸೋರದಂತೆ.

'ಡೀಸೆಲ್ಲಾ?' ಅಂದ, ಕಣ್ಣು ತೆರೆಯದೆ.

ಪ್ರೋಟಾನು. ಹೊರಗೆ ನೆರೆದ ಹುಳಿಯ ಕಣ
ಒಳಕ್ಕೆ ಜಾರುತ್ತದೆ; ಜಾರುತ್ತ
ಎಲ್ಲೋ ಒಂದು ಕೀಲು ಅಲುಗಿಸುತ್ತದೆ.

'ಅಂದರೆ ಒಳಬರುವುದರಿಂದಲೇ
ಹೊರಹಾಕುವ ಬಲ.' ನಕ್ಕ. ಕೆಮ್ಮು ಬಂತು.
'ನಮಗೆ ಅದು ಹೊಳೆಯಲೇ ಇಲ್ಲ ನೋಡು.'

ಅದಕ್ಕೆ ಔಷಧವೆಂದು ಗೊತ್ತಿಲ್ಲ ಅಪ್ಪ.
ಅದರ ಜೇಬಿನ ಒಳಮೈ ಜಿಡ್ಡು. ಜಿಡ್ಡಿಗೆ ಅಂಟಿದ್ದೆಲ್ಲ,
ಕರುಳಿನ ಪಿತ್ತ, ಸೋಪು, ಬಣ್ಣ, ನಿನ್ನ ತೋಳಿಗಿಳಿವ ಈ ಹನಿ,
ಹೆಸರು ಕೇಳದೆ ಹೊರಗೆ.
ಪಿತ್ತದಲ್ಲಿ ಮುಳುಗದಿರಲು ಎಂದೋ ಕಲಿತ ವಿದ್ಯೆ.

'ಎಷ್ಟಿವೆ?'
ಒಂದೊಂದರ ಮೈಮೇಲೆ ನೂರಾರು.
'ಹಗಲೂ ರಾತ್ರಿ?'
ಹಗಲೂ ರಾತ್ರಿ.
'ಕ್ರಿಸ್‌ಮಸ್ಸಿಗೂ', ಅಂದ, ತನಗೇ ಎಂಬಂತೆ,
ಹಗೆಯ ಬಗ್ಗೆ ಯಾರೂ ಆಡದ ದನಿಯಲ್ಲಿ.

ಹೇಳದೆ ಬಿಟ್ಟೆ: ಆ ಜೇಬಿಗೆ ಎಂಟು ಬೆಣೆ ಕಡೆದಿದ್ದೇನೆ,
ಇಲಿಯ ಮೂತ್ರಪಿಂಡ ತಾಳಿಕೊಂಡದ್ದು ಒಂದೂ ಇಲ್ಲ.

ನರ್ಸ್ ಬಂದು ನಾಲ್ಕನೆಯ ಚೀಲ ತೂಗುಹಾಕಿದಳು.
ಅಪ್ಪ ನಳಿಕೆಗೆ ಎರಡು ಬೆರಳು ಇಟ್ಟ,
ಪಂಪಿನ ಕೊಳವೆಗೆ ಇಡುತ್ತಿದ್ದಂತೆ, ಹರಿವು ಎಣಿಸಲು.
'ಒಡ್ಡು ಒಡೆದ ವರ್ಷ', ಅಂದ,
'ಪಂಪೇನೂ ಕೆಟ್ಟಿರಲಿಲ್ಲ, ಗೊತ್ತಾ?
ಬಂದದ್ದು ಹೆಚ್ಚಾಗಿತ್ತು, ಅಷ್ಟೇ.'