ಸವಕಳಿ

ಈ ಸಲ ಪ್ರೀಮಿಯಂ ಅರವತ್ತೊಂದು ಸಾವಿರದ ಇನ್ನೂರಾ ಹನ್ನೆರಡು.
ಹೋದ ವರ್ಷ ಮೂವತ್ತೆಂಟು.
ಕಾಗದ ಟೇಬಲ್ಲಿನ ಮ್ಯಾಲ ಐತಿ.
ಅದರ ಮ್ಯಾಲ ನೀಲಗಂಗಾ ರೊಟ್ಟಿ ಬುಟ್ಟಿ ಇಟ್ಟಾಳ,
ಹಾರಿ ಹೋಗಬಾರದಂತ.
ಹಾರಿ ಹೋಗಿದ್ದರ ಛಲೋ ಇತ್ತು.

ಕಳೆಯೋ ಲೆಕ್ಕ ನನಗ ಹೊಸದಲ್ಲ.
ಮೂವತ್ತೊಂದು ವರ್ಷ ಪುನರ್ವಸತಿ ಆಫೀಸಿನ್ಯಾಗ
ಟೇಪು ಹಿಡದು ಮನಿ ಅಳದಾಂವ ನಾನು.
ಹಳೇ ಬಾಗಲಕೋಟಿಯ ಓಣಿ ಓಣಿ ತಿರುಗಿ,
ನೀರು ಎಲ್ಲಿತನಕ ಬರತೈತಿ ಅಂತ ನೋಡಿ
ಬಾಗಲಾ ಮ್ಯಾಲ ಕೆಂಪು ಬಣ್ಣದ ನಂಬರು ಬರದು,
ಉದ್ದ, ಅಗಲ, ಗ್ವಾಡಿಯ ದಪ್ಪ,
ತೊಲಿ ಎಷ್ಟು, ಬಚ್ಚಲಾ ಹಾಸಿದ ಕಲ್ಲು ಎಷ್ಟು,
ಎಲ್ಲಾ ಮುಗದ ಮ್ಯಾಲ ಕಡೇ ಕಾಲಂ: ಸವಕಳಿ.
ಮನಿಗೆ ವಯಸ್ಸಾದಂಗ ಬೆಲಿ ಇಳೀತೈತಿ.
ನನ್ನ ಮಾತಲ್ಲ ಅದು, ಸರಕಾರದ ಲೆಕ್ಕ.

ಈಗ ನನ್ನ ಮೊಣಕಾಲು ಅಳದಾರ.
ಎಪ್ಪತ್ತು ತುಂಬಿತಂತ, ಬ್ಯಾಂಡ್ ಬದಲಾತಂತ.
ಇಪ್ಪತ್ತು ಟಕ್ಕೆ ನೀವೇ ಕಟ್ರಿ,
ರೂಮಿನ ಬಾಡಿಗಿ ಮೂರು ಸಾವಿರಕ್ಕ ನಿಲ್ಲತೈತಿ,
ಸಕ್ಕರಿ ರೋಗ ನಿಮಗ ಮೊದಲಿಂದ ಇತ್ತು.
ನಾ ಆದರೂ ಹೊಸ್ತಿಲಾ ದಾಟಿ ಒಳಗ ಹೋಗಿ
ಕೊಟ್ಟ ಚಾ ಕುಡದು ಕಡಿಮಿ ಬರೀತಿದ್ದೆ.
ಇವರು ಮಾರಿನೂ ತೋರಿಸಿಲ್ಲ.

ಸಂಜೀಮುಂದ ನವನಗರದ ಪಾರ್ಕಿನ್ಯಾಗ
ಸಿಮೆಂಟಿನ ಬೆಂಚು, ಕಾದದ್ದು ಇನ್ನೂ ಆರಿರೂದಿಲ್ಲ.
ಮೌಲಾಸಾಬ ಯಾದವಾಡ, ಬಸ್ಸಿನ ಕಂಡಕ್ಟರ್ ಇದ್ದಾಂವ, ಅಂದ:
'ವಿಜಯಪುರಕ್ಕ ಪೂರಾ ರೊಕ್ಕಾ ಇಸ್ಕೊಂಡು
ಗದ್ದನಕೇರಿ ಕ್ರಾಸಿಗೆ ಇಳಿಸಿ,
ಮುಂದಿನ ದಾರಿ ಟಿಕೀಟಿನ್ಯಾಗ ಇಲ್ಲ ಅಂದಿದ್ದರ
ಮಂದಿ ನನ್ನ ಸುಮ್ನ ಬಿಡತಿದ್ರೇನೋ?'
ಅಂಬುಜಾ ಟೀಚರ್ ಚಷ್ಮಾ ಏರಿಸಿ
ಮೂವತ್ತನಾಲ್ಕು ಪುಟ ಓದಿ ಬಂದಿದ್ರು.
'ಇದರಾಗ ಕರ್ತೃನ ಇಲ್ಲರಿ' ಅಂದ್ರು.
'ಕಡಿತಗೊಳಿಸಲಾಗುವುದು. ಪರಿಗಣಿಸಲಾಗುವುದಿಲ್ಲ.
ಬರೇ ಕರ್ಮಣಿ ಪ್ರಯೋಗ.
ಮಾಡೋರು ಯಾರೂ ಇಲ್ಲ, ಆಗೋದು ಮಾತ್ರ ನಮಗ.'
ನಕ್ವಿ. ಮೌಲಾಸಾಬ ಕೆಮ್ಮು ಬರೋತನಕ ನಕ್ಕ.

ರಾತ್ರಿ ನಿದ್ದಿ ಹತ್ತಲಿಲ್ಲ. ಬಸಲಿಂಗವ್ವ ನೆನಪಾದ್ಲು.
ಮನಿ ನಂಬರು ನಾನೂರಾ ಹದಿನೇಳು,
ಮಣ್ಣಿನ ಮಾಳಿಗಿ, ಕರೀ ಕಲ್ಲಿನ ಹೊಸ್ತಿಲಾ.
ನಾ ಬರಿಯೋದನ್ನ ನೋಡಿಕೋತ ನಿಂತು ಕೇಳಿದ್ಲು:
'ಗ್ವಾಡಿಗೆ ಅರವತ್ತು ವರ್ಷ ಆತಂತ ಕಳೀತೀಯಲ್ಲೋ ಯಪ್ಪಾ,
ಅರವತ್ತು ವರ್ಷ ನಿಂತದ್ದಕ್ಕ ಏನು ಕೂಡಸ್ತಿ?'
'ಅದಕ್ಕ ಕಾಲಂ ಇಲ್ಲಬೇ' ಅಂದಿದ್ದೆ.
ಆಮ್ಯಾಲ ಬಾಜೂ ಮನಿಗೆ ಹೋದೆ.

ಮುಂಜಾನೆ ಕಂಪನಿಗೆ ಫೋನ್ ಮಾಡಿದೆ.
ಒಂದು ಒತ್ರಿ, ನಾಲ್ಕು ಒತ್ರಿ, ಹಾಡು ಕೇಳ್ರಿ,
ಕಡೀಕ ಒಬ್ಬ ಹುಡುಗಿ.
ಹತ್ತೊಂಬತ್ತು ವರ್ಷ ಒಂದು ದಿನ ತಪ್ಪಿಸದ ಕಟ್ಟೀನವ್ವಾ,
ಒಮ್ಮೆ ಮಾತ್ರ ಕೇಳೀನಿ, ಹೆಂಡತಿ ಕಣ್ಣಿನ ಪರದೆಗೆ,
ಅದಕ್ಕೂ ಅರ್ಧಾ ಕೊಟ್ರಿ.
ವಯಸ್ಸಾತಂತ ಏರಸ್ತೀರಿ,
ಹತ್ತೊಂಬತ್ತು ವರ್ಷ ನಿಂತದ್ದಕ್ಕ ಏನು ಇಳಸ್ತೀರಿ?
ಆಕಿ ಸುಮ್ಮನಾದ್ಲು.
ಹಿಂದ ಇನ್ನೂ ಹತ್ತು ಹುಡುಗ್ಯಾರ ದನಿ,
ಹತ್ತು ಮುದುಕರಿಗೆ ಹೇಳೋ ಸಮಾಧಾನ.
'ಸರ್, ಅದಕ್ಕ ಇಲ್ಲಿ ಆಪ್ಶನ್ ಇಲ್ಲ' ಅಂದ್ಲು.
ದನಿ ಕೆಟ್ಟದ್ದಿರಲಿಲ್ಲ.
ನನ್ನ ದನಿನೂ ಆವತ್ತು ಕೆಟ್ಟದ್ದಿರಲಿಲ್ಲ.

ನೀಲಗಂಗಾ ಬಾಗಲದಾಗ ನಿಂತು ಎಲ್ಲಾ ಕೇಳಿಸಿಕೊಂಡಿದ್ಲು.
'ನನ್ನ ಹೆಸರು ತಗದು ಹಾಕ್ರಿ.
ಎಷ್ಟು ಇಳೀತೈತಿ, ಲೆಕ್ಕಾ ಹಾಕ್ರಿ.'
ಹಾಕಿದೆ. ಕಾಗದದ ಹಿಂದ, ಪೆನ್ಸಿಲ್ಲಿನಿಂದ.
ಇಪ್ಪತ್ತೇಳು ಸಾವಿರದಾ ಚಿಲ್ಲರೆ.
ಮೂವತ್ತೊಂದು ವರ್ಷದಾಗ
ಅರ್ಧ ಇಂಚು ಸುಳ್ಳು ಬರದಾಂವ ಅಲ್ಲ ನಾನು.
'ಏನೂ ಇಳಿಯೂದಿಲ್ಲ' ಅಂದೆ.

ಆಕಿ ರೊಟ್ಟಿ ಬುಟ್ಟಿ ಎತ್ತಿಕೊಂಡು ಒಳಗ ಹೋದ್ಲು.
ಸೋಮವಾರ ಕಡೇ ದಿನ.
ಬ್ಯಾಂಕು ಹತ್ತಕ್ಕ ತಗೀತೈತಿ.