ಒಳಮಡಿಕೆ

ದೆಯೊಲಿಂಡಾ ಫೋನಿನಲ್ಲಿ ಮೊದಲೇ ಹೇಳಿಬಿಟ್ಟಳು:
"ಕೆರೆ ಕಾಣುತ್ತದೆ ಅಂತ ಮಾತು ಕೊಡಲಾರೆ.
ಕುರ್ಚಿ ಕೊಡುತ್ತೇನೆ, ಸೂಪು ಕೊಡುತ್ತೇನೆ,
ಮಂಜು ಮಾತ್ರ ನನ್ನ ಮಾತು ಕೇಳುವುದಿಲ್ಲ."
ಫ್ಲೋರೆಸ್ ದ್ವೀಪದವರು ಹೀಗೇ,
ಸರಕಿನ ಹುಳುಕು ತೋರಿಸಿ ಆಮೇಲೆ ಬೆಲೆ ಹೇಳುವವರು.
ಹಿಡಿಸಿದಳು ನನಗೆ.

ಊಟದ ಮೇಜಿನ ತುಂಬ ನಮ್ಮ ಎರಡನೇ ಮದುವೆ.
ಹಾಗನ್ನಬಾರದಂತೆ. ಪಾದ್ರಿ ಅನ್ಸೆಲ್ಮೊ ತಿದ್ದಿದರು:
"ಮದುವೆ ಒಂದೇ, ಇದಲೀನಾ,
ಇದು ಕೊಟ್ಟ ಮಾತಿಗೆ ಕಲಾಯಿ."
ಇರಲಿ. ಕಲಾಯಿಗೂ ಖರ್ಚಿದೆ.
ಓರ್ತಾದಿಂದ ವಿಮಾನ ಮುಕ್ಕಾಲು ಗಂಟೆ, ಗಾಳಿ ಒಪ್ಪಿದರೆ;
ಒಪ್ಪದಿದ್ದರೆ ಮಂಗಳವಾರ,
ಅದೂ ತಪ್ಪಿದರೆ ಗುರುವಾರ.
ಜುಲ್ಮೀರಾ ಕೇಕನ್ನು ತೊಡೆಯ ಮೇಲಿಟ್ಟುಕೊಂಡೇ ಹಾರುತ್ತಾಳಂತೆ,
ಕೂಸಿನ ಟಿಕೆಟ್ ಅದಕ್ಕೆ ಸಿಕ್ಕೀತೇ ಎಂದು
ವಿಮಾನದ ಕಚೇರಿಯಲ್ಲಿ ಕೇಳಿ ಬಂದಿದ್ದಾಳೆ.
ಹೂವಿಗೆ ಕಾಸಿಲ್ಲ. ಜುಲೈನಲ್ಲಿ ಅಲ್ಲಿ
ಬೇಲಿಯೇ ನೀಲಿ ಹೈಡ್ರೇಂಜಿಯಾ,
ಹಸುಗಳೂ ತಿರುಗಿ ನೋಡುವುದಿಲ್ಲ.

ನಿನ್ನೆ ಹಳೆಯ ಉಡುಪಿನ ಪಕ್ಕದ ಹೊಲಿಗೆ ಬಿಚ್ಚಿದೆ.
ಹೊರಗೆ ಹಾಲು ಕೆನೆಗಟ್ಟಿದ ಬಣ್ಣ,
ಒಳಗೆ ಮಡಿಚಿಟ್ಟ ಬಟ್ಟೆ
ಅಂಗಡಿಯಿಂದ ಈಗಷ್ಟೇ ತಂದ ಬಿಳುಪು.
ನಾಲ್ಕು ಬೆರಳು ಬಿಟ್ಟಿದ್ದಳು ಅಮ್ಮ, ಅಷ್ಟು ಬೇಡವೆಂದರೂ ಕೇಳದೆ.
ಹೊಲಿಯುವವಳಾಗಿ ನನಗಿದು ಈಗ ಅರ್ಥವಾಗುತ್ತದೆ;
ಆಗ ಸೊಂಟ ದಪ್ಪ ಕಂಡೀತೆಂದು ಅತ್ತಿದ್ದೆ.

ನೀನು ನಿನ್ನ ಮಾತನ್ನು
ಇಂಜಿನ್ ಬಿಡಿಭಾಗದ ಬಿಲ್ಲಿನ ಹಿಂದೆ ಬರೆದಿದ್ದೀಯ.
ಎರಡು ಸಾಲು, ಎರಡನ್ನೂ ಹೊಡೆದುಹಾಕಿ ಕೆಳಗೆ ಮತ್ತೆ ಎರಡು,
ಅಂಚಿನಲ್ಲಿ ಎಣ್ಣೆಯ ಹೆಬ್ಬೆಟ್ಟು.
"ಓದಬೇಡ, ಅಲ್ಲೇ ಕೇಳು."
"ಅಲ್ಲಿ ಗಾಳಿ. ನನ್ನದು ನಿನಗೆ ಕೇಳದಿದ್ದರೆ?"
"ತಲೆಯಾಡಿಸುತ್ತೇನೆ. ಇಷ್ಟು ವರ್ಷ ಮತ್ತೇನು ಮಾಡಿದೆ?"

ಇಷ್ಟು ಅಂದರೆ ಎಷ್ಟು?
ಅಲ್ಲೇ ನಿಂತಿತು ಆಮಂತ್ರಣ ಪತ್ರ.
ಮುದ್ರಣದ ಹುಡುಗ ಅಂಕಿಗಾಗಿ ಮೂರು ಸಲ ಬಂದು ಹೋದ.
ನೀನು ಮೂವತ್ತೊಂದು ಅಂದೆ. ನಾನು ಮೂವತ್ತು ಅಂದೆ.
ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು.

ಒಂದು ವರ್ಷ ನಾನು ತೆರ್ಸೇರಾದಲ್ಲಿದ್ದೆ,
ಅಕ್ಕನ ಮನೆಯ ಹಿತ್ತಿಲ ಕೋಣೆ,
ಹೊಲಿಗೆ ಯಂತ್ರ, ಒಂದು ಪೆಟ್ಟಿಗೆ.
ಯಾಕೆ ಹೋದೆ ಎನ್ನುವುದು ಇಬ್ಬರಿಗೂ ಗೊತ್ತು,
ಬೇರೆಯವರಿಗೆ ಬೇಡ.
ಪ್ರತಿ ಭಾನುವಾರ ಫೋನು ಮಾಡುತ್ತಿದ್ದೆ ನೀನು.
ಬಾ ಎನ್ನಲಿಲ್ಲ, ತಪ್ಪಾಯಿತು ಎನ್ನಲಿಲ್ಲ,
ಉಪ್ಪಿನ ಡಬ್ಬ ಎಲ್ಲಿದೆ, ಎಂದೆ.
ಮುಂದಿನ ವಾರ ಫ್ಯೂಸಿನ ತಂತಿ.
ಆಮೇಲೆ ದೋಣಿಯ ಕಾಗದ, ಚಳಿಗಾಲದ ಕಂಬಳಿ,
ಮತ್ತೆ ಉಪ್ಪು.
ಐವತ್ತು ಭಾನುವಾರಗಳಲ್ಲಿ ಮನೆಯ ಪ್ರತಿ ಗೂಡನ್ನೂ
ದೂರದಿಂದಲೇ ಕೈಯಾಡಿಸಿ ತೋರಿಸಿದೆ ನಿನಗೆ.
ಕೇಳಲು ಏನೂ ಉಳಿಯದ ದಿನ
ನೀನು ಸುಮ್ಮನೆ ಉಸಿರಾಡುತ್ತಾ ನಿಂತಿದ್ದೆ.
ಸೋಮವಾರ ನಾನು ಹಡಗು ಹತ್ತಿದೆ.

"ಅದನ್ನೂ ಎಣಿಸು," ಎಂದೆ ನೀನು ನಿನ್ನೆ,
ಮೇಜಿನ ದಾರದ ಚೂರುಗಳನ್ನು ಗುಡ್ಡೆ ಮಾಡುತ್ತಾ.
"ಆ ವರ್ಷವೇ ನಾನು ಹೆಚ್ಚು ಗಂಡನಾಗಿದ್ದದ್ದು."

ನಾನು ಉತ್ತರ ಕೊಡಲಿಲ್ಲ.
ಸೂಜಿಗೆ ದಾರ ಪೋಣಿಸಲು ಕನ್ನಡಕ ಹುಡುಕಿದೆ,
ತಲೆಯ ಮೇಲಿದೆ ಎಂದೆ.

ಮುದ್ರಣದ ಹುಡುಗನಿಗೆ ಇವತ್ತು ಹೇಳಿ ಕಳಿಸಿದೆ,
ಅಂಕಿ ಬೇಡ, ಹೆಸರುಗಳ ಕೆಳಗೆ ನಾಲ್ಕು ಬೆರಳು ಜಾಗ ಬಿಡು.
ಕಾಗದ ದಂಡ ಎಂದನಂತೆ. ಆಗಲಿ.

ಅಲ್ಲಿ ಎರಡು ಕೆರೆ, ಒಂದು ಹಸಿರು, ಒಂದು ಕಡುನೀಲಿ,
ನಡುವೆ ನಿಲ್ಲುವಷ್ಟು ಏರು.
ಮಂಜು ಬಂದರೆ ಎರಡೂ ಇಲ್ಲ,
ಬರೀ ಬಿಳಿ, ಅದರಲ್ಲಿ ಎಲ್ಲೋ ಒಂದು ಹಸುವಿನ ಗಂಟೆ.
ಅಷ್ಟು ದೂರ ಹೋಗಿ ಏನೂ ಕಾಣದಿದ್ದರೆ, ಬೆಲ್ಮೀರೊ?
ನೀನು ಕಿಟಕಿಯಾಚೆ ಬಂದರಿನತ್ತ ನೋಡುತ್ತಿದ್ದೆ,
ಕೇಳಿಸಿತೋ ಇಲ್ಲವೋ, ತಲೆಯಾಡಿಸಿದೆ.

ದೆಯೊಲಿಂಡಾಗೆ ಬರೆಯಬೇಕು:
ಕುರ್ಚಿ ಇಪ್ಪತ್ತೆರಡು ಸಾಕು,
ಸೂಪು ಬಿಸಿಯಿರಲಿ,
ಕಂಬಳಿಗಳಿದ್ದರೆ ತೆಗೆದಿಡಿ.